ಅಗ್ಗದ ಚೈನ್ ಹಾಕಿ ನೋಡಬಹುದೇ? ಹಾಕಿ, ಆದರೆ ‘ಸೆಟ್’ ಬೇಡ

ಪ್ರಶ್ನೆ: ನನ್ನದು ಟಿಕೋಟಾ, ಕೆಲಸ ವಿಜಯಪುರದಲ್ಲಿ. ವಾರಕ್ಕೆ ಮೂರು ದಿನ 21 ಗೇರಿನ (ಮುಂದೆ 3, ಹಿಂದೆ 7) ಸೈಕಲ್ ಮೇಲೆ ಹೋಗಿ ಬರುತ್ತೇನೆ. ಕೊಂಡು ಒಂದೂವರೆ ವರ್ಷವಾಯಿತು, ಇದುವರೆಗೆ ಏನನ್ನೂ ಬದಲಿಸಿಲ್ಲ. ಈಗ ಒತ್ತಿ ತುಳಿದರೆ ‘ಕಟಕ್’ ಎಂದು ಚೈನ್ ಜಾರುತ್ತದೆ, ಅದೂ ಹಿಂದಿನ 6 ಮತ್ತು 7ನೇ ಗೇರಿನಲ್ಲಿ ಮಾತ್ರ. ಚೈನ್, ಫ್ರೀವೀಲ್ (ಹಿಂದಿನ ಹಲ್ಲುಗಾಲಿಗಳ ಗುಚ್ಛ), ಡಿರೇಲರ್ (ಚೈನನ್ನು ಸರಿಸಿ ಗೇರು ಬದಲಿಸುವ ಸಾಧನ), ಕ್ರ್ಯಾಂಕ್ (ಪೆಡಲಿನ ತೋಳು) ಎಲ್ಲವೂ ಹೋಗಿವೆ, 3,800 ರೂಪಾಯಿ ಆಗುತ್ತದೆ ಎಂದು ಅಂಗಡಿಯವರು ಹೇಳಿದರು. ಆನ್‌ಲೈನಿನಲ್ಲಿ ಹೆಸರೇ ಕೇಳದ ಕಂಪನಿಯ ಪೂರ್ತಿ ಸೆಟ್ 1,500ಕ್ಕೆ ಸಿಗುತ್ತಿದೆ. ತರಿಸಿ ನೋಡಲೇ? ಹೇಗೂ ಬದಲಿಸುವುದಾದರೆ ಹಿಂದೆ 9 ಗೇರಿನದನ್ನೇ ಹಾಕಿಸಬಹುದೇ?

ಉತ್ತರ: ಅಗ್ಗದ ಬಿಡಿಭಾಗ ಎಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ತುಳಿದಂತೆ ಸವೆಯಲೇಬೇಕಾದ ವಸ್ತುವಿಗೆ ದುಬಾರಿ ಹಣ ಸುರಿಯುವುದರಲ್ಲಿ ಜಾಣತನವೇನೂ ಇಲ್ಲ. ಆದರೆ ಸೆಟ್ ತರಿಸಬೇಡಿ. ಸೆಟ್ಟಿನಲ್ಲಿ ಕೆಟ್ಟದ್ದರ ಜೊತೆಗೆ ಕೆಡದೇ ಇರುವುದೂ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯವೆಂದರೆ, ನಾಲ್ಕು ಹೊಸ ಭಾಗಗಳು ಒಂದೇ ದಿನ ಕೂತ ಮೇಲೆ ಸದ್ದು ಬಂದರೆ ತಪ್ಪು ಯಾವುದರದ್ದು ಎಂದು ಪತ್ತೆ ಹಚ್ಚುವುದು ನುರಿತ ಮೆಕ್ಯಾನಿಕ್‌ಗೂ ಕಷ್ಟ. ಒಂದೊಂದಾಗಿ ಬದಲಿಸಿ, ತುಳಿದು ನೋಡಿ, ಆಮೇಲೆ ಮುಂದಿನದು.

ಅರ್ಧ ರೋಗನಿರ್ಣಯ ನಿಮ್ಮ ಪ್ರಶ್ನೆಯಲ್ಲೇ ಇದೆ: ‘6 ಮತ್ತು 7ನೇ ಗೇರಿನಲ್ಲಿ ಮಾತ್ರ.’ ಏಳು ಹಲ್ಲುಗಾಲಿಗಳ ಫ್ರೀವೀಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 14ರಿಂದ 28 ಹಲ್ಲಿನದು. 14, 16, 18, 20, 22, 24, 28 ಎಂಬ ಕ್ರಮ. ನಿಮ್ಮ 7ನೇ ಗೇರು 14 ಹಲ್ಲಿನದು, 6ನೆಯದು 16ರದು. ಟಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿ.ಮೀ., ಘಟ್ಟವಿಲ್ಲ, ಏರೆಂದರೆ ಅಲ್ಲೊಂದು ಇಲ್ಲೊಂದು ದಿಬ್ಬ. ಬಯಲುಸೀಮೆಯ ಸವಾರರು ಈ ಎರಡು ಗೇರು ಬಿಟ್ಟು ಇಳಿಯುವುದೇ ಅಪರೂಪ. ಮಳೆಗಾಲದ ಪಡುವಣ ಗಾಳಿಯಲ್ಲಿ ಸಂಜೆ ಊರಿಗೆ ಮರಳುವಾಗಲಾದರೂ ಕೆಳಗಿನ ಗೇರಿಗೆ ಇಳಿಯಬೇಕು. ಆದರೆ ಹಟಕ್ಕೆ ಬಿದ್ದವರಂತೆ 14ರಲ್ಲೇ ತುಳಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಚಿಕ್ಕ ಹಲ್ಲುಗಾಲಿಯಲ್ಲಿ ಒಮ್ಮೆಗೆ ಚೈನನ್ನು ಹಿಡಿದಿರುವುದು ಆರೇಳು ಹಲ್ಲುಗಳಷ್ಟೇ. ಇಡೀ ಭಾರ ಅಷ್ಟರ ಮೇಲೆ ಬೀಳುತ್ತದೆ, ಪ್ರತಿ ಹಲ್ಲಿನ ಸರದಿಯೂ ಬೇಗ ಬೇಗ ಬರುತ್ತದೆ. ಹಾಗಾಗಿ ಅವೆರಡು ಮೊದಲು ಸವೆದಿವೆ.

ಡಿರೇಲರ್ ಕೆಟ್ಟಿದ್ದರೆ ಕಾಟ ಎಲ್ಲ ಗೇರುಗಳಲ್ಲೂ ಇರುತ್ತಿತ್ತು. ಚೈನಿನ ಒಂದು ಕೊಂಡಿ ಬಿಗಿದುಕೊಂಡಿದ್ದರೆ ಪೆಡಲಿನ ಎರಡೂವರೆ-ಮೂರು ಸುತ್ತಿಗೊಮ್ಮೆ, ಗಡಿಯಾರ ಹೊಡೆದಷ್ಟು ನಿಯಮಿತವಾಗಿ ಜಿಗಿತ ಬರುತ್ತಿತ್ತು. ಫ್ರೀವೀಲಿನ ಒಳಗಿನ ಪುಟ್ಟ ಕೊಕ್ಕೆಗಳು ಸವೆದಿದ್ದರೆ ಚೈನ್ ಜಿಗಿಯದೆಯೇ ಪೆಡಲ್ ಧಡಕ್ಕನೆ ಮುಂದಕ್ಕೆ ಹೋಗುತ್ತಿತ್ತು, ಅದೂ ಯಾವ ಗೇರಿನಲ್ಲಾದರೂ. ಈ ಮೂರೂ ನಿಮ್ಮ ಲಕ್ಷಣಗಳಲ್ಲ. ಹಾಗಾದರೆ ಡಿರೇಲರ್ ಮತ್ತು ಕ್ರ್ಯಾಂಕ್ ಪಟ್ಟಿಗೆ ಸೇರಿದ್ದು ಹೇಗೆ ಎಂದು ಅಂಗಡಿಯವರನ್ನು ನಗುನಗುತ್ತಲೇ ಕೇಳಿ. ‘ಎಲ್ಲವೂ ಹೋಗಿದೆ’ ಎಂಬ ಮಾತಿಗೆ ಕೈಯಲ್ಲಿ ಹಿಡಿದು ತೋರಿಸುವ ಸಾಕ್ಷಿ ಬೇಕು.

ಸಾಕ್ಷಿಯನ್ನು ನೀವೇ ತೆಗೆಯಬಹುದು. ಬಡಗಿಗಳ ಬಳಿ ಇರುವ ಉಕ್ಕಿನ ಟೇಪು ತನ್ನಿ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ.; ಸಾದಾ ಸೈಕಲ್ಲಿಗೂ ಲಕ್ಷ ರೂಪಾಯಿಯ ರೇಸ್ ಸೈಕಲ್ಲಿಗೂ ಇದೇ ಅಳತೆ. ಟೇಪಿನ ತುದಿಯ ಕೊಕ್ಕೆ ಅಲುಗಾಡುವುದರಿಂದ 10 ಸೆಂ.ಮೀ. ಗುರುತನ್ನು ಒಂದು ಪಿನ್ನಿನ ನಟ್ಟನಡುವೆ ಹಿಡಿಯಿರಿ. ಪೆಡಲನ್ನು ತುಸು ಒತ್ತಿ ಚೈನನ್ನು ಬಿಗಿಯಾಗಿಡಿ. ಅಲ್ಲಿಂದ 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಆ ಪಿನ್ನಿನ ನಡು 40.48 ಸೆಂ.ಮೀ. ಮೇಲೆ ಬೀಳುತ್ತದೆ. 40.6 ದಾಟಿದರೆ ಹೊಸ ಚೈನಿಗೆ ಹಣ ಎತ್ತಿಡಿ. 40.7 ಮುಟ್ಟಿದರೆ ಬದಲಿಸಿ. 40.8ಕ್ಕೆ ಹೋಗಿದ್ದರೆ ಚೈನ್ ಒಂದೇ ಸತ್ತಿಲ್ಲ, ತನ್ನೊಂದಿಗೆ ಫ್ರೀವೀಲನ್ನೂ ಕರೆದುಕೊಂಡು ಹೋಗಿದೆ. ಒಂದೂವರೆ ವರ್ಷ ವಾರಕ್ಕೆ 120 ಕಿ.ಮೀ. ಓಡಿದ ನಿಮ್ಮ ಚೈನ್ ಆ ಗಡಿಯನ್ನು ಯಾವಾಗಲೋ ದಾಟಿರುತ್ತದೆ.

ಚೈನ್ ‘ಹಿಗ್ಗುತ್ತದೆ’ ಎನ್ನುತ್ತೇವೆ, ಆದರೆ ಉಕ್ಕಿನ ಪಟ್ಟಿಗಳು ಎಳೆದು ಉದ್ದವಾಗುವುದಿಲ್ಲ. ಪಿನ್ನು ಮತ್ತು ಅದು ತಿರುಗುವ ತೂತಿನ ಅಂಚು ಸವೆಯುತ್ತವೆ. ಒಂದೊಂದು ಕೀಲಿನಲ್ಲಿ ಮಿಲಿಮೀಟರಿನ ನೂರರಲ್ಲಿ ಆರು ಪಾಲು ಸವೆದರೆ ಸಾಕು, ಚೈನ್ ಶೇ. 0.5ರಷ್ಟು ಉದ್ದವಾಯಿತು. ಹೀಗೆ ಉದ್ದವಾದ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರಿ ಕೂರುತ್ತದೆ, ಹಲ್ಲನ್ನೂ ತನ್ನ ಅಳತೆಗೆ ತೇಯುತ್ತದೆ. ಸವೆದ ಹಲ್ಲುಗಾಲಿಗೆ ಹೊಸ ಚೈನ್ ಹಾಕುವುದು ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದ ಹಾಗೆ: ಎರಡರ ಹೆಜ್ಜೆ ಕೂಡುವುದಿಲ್ಲ. ಆದ್ದರಿಂದ ಈ ಸಲ ನಿಮಗೆ ಚೈನ್ ಮತ್ತು ಫ್ರೀವೀಲ್ ಎರಡೂ ಬೇಕು. ಮುಂದಿನ ಸಲ ಚೈನ್ ಮಾತ್ರ ಸಾಕಾಗುವಂತೆ ನೋಡಿಕೊಳ್ಳಿ. ಅಗ್ಗದ ಭಾಗದಿಂದ ನಿಜವಾಗಿ ಹಣ ಉಳಿಯುವುದು ಅಲ್ಲಿ. ಅಗ್ಗದ ಚೈನನ್ನು ಬೇಗ ಬೇಗ ಬದಲಿಸಿದವನ ಫ್ರೀವೀಲ್ ಎರಡು-ಮೂರು ಚೈನುಗಳ ಕಾಲ ಬಾಳುತ್ತದೆ, ಮುಂದಿನ ಉಕ್ಕಿನ ಚೈನ್‌ವೀಲ್ ಅದಕ್ಕಿಂತಲೂ ಹೆಚ್ಚು. ದುಬಾರಿ ಚೈನ್ ಹಾಕಿ ಮರೆತುಬಿಟ್ಟವನ ಕಥೆ ನಿಮ್ಮದರಂತೆಯೇ ಮುಗಿಯುತ್ತದೆ.

ಇನ್ನು ಯಾವ ಚೈನ್? 6, 7 ಮತ್ತು 8 ಗೇರಿನ ಸೈಕಲ್ಲುಗಳಿಗೆಲ್ಲ ಒಂದೇ ಬಗೆಯ ಚೈನ್. ಒಳ ಅಗಲ 3/32 ಅಂಗುಲ, ಹೊರ ಅಗಲ ಸುಮಾರು 7.1ರಿಂದ 7.3 ಮಿ.ಮೀ. ಪೊಟ್ಟಣದ ಮೇಲೆ ‘6/7/8 ಸ್ಪೀಡ್’ ಎಂದಿರಬೇಕು. ನಮ್ಮ ಹಳ್ಳಿಗಳ ಸೈಕಲ್ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಇರುವುದು ಸಾದಾ ಸೈಕಲ್ಲಿನ 1/8 ಅಂಗುಲದ ಅಗಲ ಚೈನ್. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ ಮೇಲಂತೂ ಒಂದೇ ಹಲ್ಲುಗಾಲಿಯ ಸೈಕಲ್ಲಿನ ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ‘ಇದೂ ಚೈನೇ, ಕೂರುತ್ತದೆ’ ಎಂದು ಅದನ್ನು ಗೇರಿನ ಸೈಕಲ್ಲಿಗೆ ಹಾಕಿಕೊಡುವವರಿದ್ದಾರೆ. ಕೂರುವುದೇನೋ ಕೂರುತ್ತದೆ, ಪಕ್ಕದ ಹಲ್ಲುಗಾಲಿಗೆ ಉಜ್ಜಿ ಗೇರು ಬೀಳಲು ಬಿಡುವುದಿಲ್ಲ. ಬೆಲೆಗಿಂತ ಅಳತೆ ಮುಖ್ಯ.

ಶಿಮಾನೊ ಜಪಾನಿನದು, ಕೆಎಂಸಿ ಮತ್ತು ಸನ್‌ರೇಸ್ ತೈವಾನಿನವು. 7 ಗೇರಿನ ಮಟ್ಟದಲ್ಲಿ ಈ ಹೆಸರಾಂತ ಕಂಪನಿಗಳ ಚೈನ್ ಕೂಡ ಕೆಲವು ನೂರು ರೂಪಾಯಿಗಳ ಮಾತು. ಬೆಲೆಯ ವ್ಯತ್ಯಾಸ ಒಂದು ಊಟದಷ್ಟಿದ್ದರೆ ಹೆಸರಿದ್ದುದನ್ನೇ ಕೊಳ್ಳಿ ಎನ್ನುತ್ತೇನೆ. ಆದರೆ ಹೆಸರಿನ ನಕಲಿಯೂ ಮಾರುಕಟ್ಟೆಯಲ್ಲಿದೆ, ಹೆಸರಿಲ್ಲದ ಒಳ್ಳೆಯ ಚೈನೂ ಇದೆ. ಆದ್ದರಿಂದ ಪೊಟ್ಟಣವನ್ನಲ್ಲ, ಚೈನನ್ನು ನೋಡಿ.

ಪರೀಕ್ಷೆ ಹೀಗೆ. ಮೊದಲು ಅದೇ ಟೇಪಿನಲ್ಲಿ 24 ಕೊಂಡಿ ಅಳೆಯಿರಿ. ಪೊಟ್ಟಣ ಒಡೆದಾಗಲೇ 40.55 ತೋರಿಸುವ ಚೈನ್ ಹುಟ್ಟುತ್ತಲೇ ಅರ್ಧ ಆಯುಷ್ಯ ಕಳೆದುಕೊಂಡಿದೆ, ಹಿಂದಿರುಗಿಸಿ. ಆಮೇಲೆ ಎರಡು ತುದಿ ಹಿಡಿದು, ಪಿನ್ನುಗಳು ಆಕಾಶ ನೋಡುವಂತೆ ಅಡ್ಡ ಮಲಗಿಸಿ ಎತ್ತಿ. ಸ್ವಲ್ಪ ಬಾಗಿದರೆ ಸಹಜ. ಗೇರು ಬದಲಿಸಲು ಚೈನಿಗೆ ಆ ಬಳುಕು ಬೇಕು. ಆದರೆ ಹಗ್ಗದಂತೆ ಜೋತುಬಿದ್ದರೆ ಕೀಲುಗಳು ಸಡಿಲ. ನಂತರ ಬೆಳಕಿಗೆ ಹಿಡಿದು ಪಿನ್ನುಗಳ ತಲೆ ನೋಡಿ. ಎಲ್ಲವೂ ಒಂದೇ ಮಟ್ಟದಲ್ಲಿರಬೇಕು, ತಲೆಯ ಅಂಚು ಒಂದೇ ರೀತಿ ಬಡಿದು ಅಗಲಿಸಿದಂತಿರಬೇಕು. ಒಂದು ಒಳಗೆ, ಒಂದು ಹೊರಗೆ ಇದ್ದರೆ ಅದು ತುಳಿಯುವಾಗ ಕಳಚಿಕೊಳ್ಳುವ ಚೈನ್. ಕೊನೆಗೆ ಬೆರಳಿನಿಂದ ಒಂದೊಂದು ರೋಲರ್ ತಿರುಗಿಸುತ್ತಾ ಚೈನ್ ಪೂರ್ತಿ ಸವರಿಕೊಂಡು ಹೋಗಿ. ತಿರುಗದ ರೋಲರ್, ಮಡಚಿದರೆ ಮಡಚಿದಂತೆಯೇ ನಿಲ್ಲುವ ಕೊಂಡಿ ಕೈಗೆ ತಾನಾಗಿ ಸಿಗುತ್ತದೆ. ಐದು ನಿಮಿಷದ ಕೆಲಸ ಇದು, ಅಂಗಡಿಯ ಕಟ್ಟೆಯ ಮೇಲೆ ಕೂತೇ ಮಾಡಬಹುದು.

ಅಗ್ಗದ ಚೈನಿನಲ್ಲಿ ನಾನು ನಂಬದೇ ಇರುವುದು ಒಂದೇ, ಅದರ ಜೋಡಣೆಯ ಕೊಂಡಿ. ನಿಂತು ತುಳಿಯುವಾಗ ಚೈನ್ ತುಂಡಾದರೆ ಎದೆ ಹೋಗಿ ಹ್ಯಾಂಡಲಿಗೆ ಬಡಿಯುತ್ತದೆ. ಹಾಗಾಗಿ ಹೆಸರಾಂತ ಕಂಪನಿಯ 6/7/8 ಸ್ಪೀಡಿನ ಕ್ವಿಕ್ ಲಿಂಕ್ ಬೇರೆಯಾಗಿ ಕೊಂಡು ಹಾಕಿ. ಹೊಡೆದು ತೆಗೆದ ಪಿನ್ನನ್ನೇ ಮತ್ತೆ ಮತ್ತೆ ಹೊಡೆದು ಕೂರಿಸುವುದು ಬೇಡ. ಉದ್ದದ ಲೆಕ್ಕ ಸುಲಭ: ಡಿರೇಲರಿನೊಳಗೆ ತೂರಿಸದೆ ಚೈನನ್ನು ಮುಂದಿನ ದೊಡ್ಡ ಚೈನ್‌ವೀಲ್ ಮತ್ತು ಹಿಂದಿನ ದೊಡ್ಡ ಹಲ್ಲುಗಾಲಿಯ ಸುತ್ತ ಹಾಕಿ, ಎರಡು ತುದಿ ಕೂಡುವಲ್ಲಿಂದ ಒಂದು ಅಂಗುಲ, ಅಂದರೆ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಹಳೆಯ ಚೈನಿನ ಪಕ್ಕ ಇಟ್ಟು ಅಳೆಯುವುದಾದರೆ ಕೊಂಡಿ ಎಣಿಸಿ, ಉದ್ದ ನೋಡಬೇಡಿ. ಸವೆದ ಚೈನ್ ಉದ್ದವಾಗಿಯೇ ಇರುತ್ತದೆ.

ಫ್ರೀವೀಲಿನಲ್ಲಿ ಅಗ್ಗದ್ದಕ್ಕೆ ಹೆದರಬೇಕಾಗಿಲ್ಲ. ನಿಮ್ಮ ಮಟ್ಟದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಹಬ್ಬಿಗೆ, ಅಂದರೆ ಗಾಲಿಯ ನಡುಭಾಗಕ್ಕೆ, ತಿರುಪಿ ಕೂರಿಸುವ ಫ್ರೀವೀಲ್; ಜಾರಿಸಿ ಕೂರಿಸುವ ಕ್ಯಾಸೆಟ್ ಅಲ್ಲ. ಅದರ ಮರೆ (ತಿರುಪಿನ ಸುತ್ತುಗೆರೆ) ಬಹುತೇಕ ಎಲ್ಲ ಕಂಪನಿಗಳಲ್ಲೂ ಒಂದೇ, 1.37 ಅಂಗುಲ ವ್ಯಾಸ, ಅಂಗುಲಕ್ಕೆ 24 ಸುತ್ತು. ಹಾಗಾಗಿ ಕೂರುವುದಿಲ್ಲ ಎಂಬ ಭಯವಿಲ್ಲ. ಹಲ್ಲುಗಳೆಲ್ಲ ಉಕ್ಕಿನವು, ತೂಕ ಹೆಚ್ಚು, ಬಾಳಿಕೆಯೂ ಚೆನ್ನಾಗಿಯೇ ಇದೆ. ಹಗುರ ಮಾಡಲೆಂದು ದೊಡ್ಡ ಹಲ್ಲುಗಾಲಿಗಳನ್ನು ಅಲ್ಯುಮಿನಿಯಂನಲ್ಲಿ ಮಾಡುವ ದುಬಾರಿ ಕ್ಯಾಸೆಟ್ಟುಗಳಿಗಿಂತ ಈ ಬಡಪಾಯಿ ಉಕ್ಕು ನಿಧಾನವಾಗಿ ಸವೆಯುತ್ತದೆ. ನೋಡಬೇಕಾದದ್ದು ಮೂರು. ಹಲ್ಲುಗಳ ತುದಿ ಮತ್ತು ಪಕ್ಕದಲ್ಲಿ ಓರೆಯಾಗಿ ಕೆತ್ತಿದ ಇಳಿಜಾರುಗಳಿವೆಯೇ? ಚೈನ್ ಹತ್ತಿ ಇಳಿಯುವುದು ಅವುಗಳ ಮೇಲೆ. ಚಪ್ಪಟೆ ಹಲ್ಲಾದರೆ ಗೇರು ತಡವರಿಸಿ, ಧಡಕ್ ಎಂದು ಬೀಳುತ್ತದೆ. ಕೈಯಲ್ಲಿ ತಿರುಗಿಸಿದಾಗ ಓಲಾಡುತ್ತದೆಯೇ? ತುಸು ಓಲಾಟ ಒಳ್ಳೆಯ ಫ್ರೀವೀಲಿನಲ್ಲೂ ಇದೆ, ಕಣ್ಣಿಗೆ ಹೊಡೆಯುವಷ್ಟು ಇರಬಾರದು. ಮೂರನೆಯದು, ಬಿಚ್ಚುವ ಉಪಕರಣ ಕೂರುವ ಜಾಗದಲ್ಲಿ ಸುತ್ತಲೂ 12 ಗಾಡಿ (ಉದ್ದ ಗೀರು) ಇದೆಯೇ ಅಥವಾ ಬರೀ ಎರಡು ಕಚ್ಚು ಇವೆಯೇ? ನೀವು ತುಳಿದಂತೆಲ್ಲ ಫ್ರೀವೀಲ್ ತನ್ನಷ್ಟಕ್ಕೆ ಬಿಗಿದುಕೊಳ್ಳುತ್ತಾ ಹೋಗುತ್ತದೆ. ವರ್ಷದ ಮೇಲೆ ಬಿಚ್ಚಹೊರಟರೆ ಎರಡು ಕಚ್ಚಿನದು ಉಪಕರಣದ ಜೊತೆಗೆ ತಾನೂ ಮುರಿಯುತ್ತದೆ. 12 ಗಾಡಿಯದನ್ನೇ ಆರಿಸಿ, ಕೂರಿಸುವಾಗ ಮರೆಗೆ ಗ್ರೀಸ್ ಸವರಲು ಹೇಳಿ. ಹಳೆಯದನ್ನು ಬಿಚ್ಚುವ ಕೆಲಸ ಮಾತ್ರ ಅಂಗಡಿಗೇ ಬಿಡಿ. ಅವರ ಬಳಿ ವೈಸ್ ಇದೆ, ಉದ್ದನೆಯ ಪಾನಾ ಇದೆ.

ಡಿರೇಲರನ್ನು ಈಗ ಮುಟ್ಟಬೇಡಿ. ಒಳ ತಂತಿ ಮತ್ತು ಅದರ ಹೊರ ಕೊಳವೆ ಬದಲಿಸಿ ನೋಡಿ; ಬಿಸಿಲು-ಧೂಳಿನ ಊರುಗಳಲ್ಲಿ ‘ಡಿರೇಲರ್ ಹೋಗಿದೆ’ ಎಂಬ ದೂರುಗಳಲ್ಲಿ ಬಹಳಷ್ಟು ತಂತಿಯೊಂದಿಗೇ ಮುಗಿಯುತ್ತವೆ. ಗೇರಿಗೆ 4 ಮಿ.ಮೀ.ನ ಗೇರಿನ ಕೊಳವೆಯೇ ಬೇಕು. ಬ್ರೇಕಿನ ಕೊಳವೆ ಸುರುಳಿ ಸುತ್ತಿದ್ದು, ಒತ್ತಡಕ್ಕೆ ಕುಗ್ಗುತ್ತದೆ, ಗೇರು ಎಂದೂ ನಿಖರವಾಗಿ ಕೂರುವುದಿಲ್ಲ. ಡಿರೇಲರಿನ ಕೆಳತುದಿ ಹಿಡಿದು ಅಡ್ಡಕ್ಕೆ ಅಲುಗಾಡಿಸಿದಾಗ ಗಿಲಕಿಯಂತೆ ಲಟಲಟಿಸಿದರೆ ಮಾತ್ರ ಹೊಸದನ್ನು ಯೋಚಿಸಿ. ಆಗಲೂ ಹೆಸರಿಲ್ಲದ್ದು ಬೇಡ, ಏಕೆಂದರೆ ಶಿಮಾನೊದ ಟೂರ್ನಿ ಸರಣಿಯೇ ಅಗ್ಗದ ಡಿರೇಲರ್; ಅದಕ್ಕಿಂತ ಕೆಳಗೆ ಇಳಿದು ಉಳಿಸುವ ಹಣಕ್ಕೆ ಅರ್ಥವಿಲ್ಲ. ಕೊಳ್ಳುವ ಮುನ್ನ ಹಲ್ಲಿನ ಲೆಕ್ಕ ಮಾಡಿ. ಮುಂದೆ 48-38-28 ಇದ್ದರೆ ಅಂತರ 20, ಹಿಂದೆ 14ರಿಂದ 28 ಆದರೆ 14, ಒಟ್ಟು 34. ಅಷ್ಟು ಹಲ್ಲಿನ ಸಡಿಲವನ್ನು ಎಳೆದುಕೊಳ್ಳುವ ಉದ್ದ ಕೈಯ ಡಿರೇಲರ್ ಬೇಕು. ಫ್ರೇಮಿನಲ್ಲಿ ಅದಕ್ಕೆಂದೇ ಮರೆ ಇರುವ ಕಿವಿ ಇದೆಯೇ ಅಥವಾ ಆ್ಯಕ್ಸಲಿನೊಂದಿಗೆ ಬಿಗಿಯುವ ಪಟ್ಟಿ ಬೇಕೇ ಎಂಬುದನ್ನೂ ನೋಡಿಕೊಂಡು ಹೋಗಿ.

ಈಗ ಕ್ರ್ಯಾಂಕಿನ ಮಾತು. ಇಲ್ಲಿ ನನ್ನ ಅಭಿಪ್ರಾಯ ಪೂರ್ತಿ ತಿರುಗುತ್ತದೆ. ಚೈನ್ ಸವೆದರೆ ಜಾರುತ್ತದೆ, ಫ್ರೀವೀಲ್ ಸವೆದರೆ ಸದ್ದು ಮಾಡುತ್ತದೆ. ಎರಡೂ ಮುಂಚೆಯೇ ಎಚ್ಚರಿಸುತ್ತವೆ. ಕ್ರ್ಯಾಂಕಿನ ತೋಳು, ಪೆಡಲಿನ ಕಡ್ಡಿ, ಎರಡೂ ತೋಳು ಕೂರುವ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಆ್ಯಕ್ಸಲ್ ಹಾಗಲ್ಲ. ಮುರಿದರೆ ಲಾರಿಯ ಪಕ್ಕದಲ್ಲೇ ಮುರಿಯುತ್ತವೆ. ನಿಮ್ಮ ಕ್ರ್ಯಾಂಕ್ ಅಲುಗಾಡದಿದ್ದರೆ ಅದನ್ನು ಇದ್ದಲ್ಲೇ ಇರಲು ಬಿಡಿ. ಉಕ್ಕಿನ ಚೈನ್‌ವೀಲಿನ ಹಲ್ಲುಗಳು ಶಾರ್ಕಿನ ರೆಕ್ಕೆಯಂತೆ ಒಂದೇ ಕಡೆಗೆ ಬಾಗಿರದಿದ್ದರೆ ಇನ್ನೂ ಓಡುತ್ತವೆ. ಆದರೆ ಎಡ ತೋಳು ಹಿಡಿದು ಅಡ್ಡಕ್ಕೆ ಎಳೆದು ನೋಡಿ. ‘ಟಕ್’ ಎಂದರೆ ಅಂದೇ ಬೋಲ್ಟ್ ಬಿಗಿಸಿ. ಚೌಕ ಆ್ಯಕ್ಸಲಿನ ಮೇಲೆ ಸಡಿಲ ತೋಳಿನಲ್ಲಿ ನಾಲ್ಕು ದಿನ ಓಡಾಡಿದರೆ ತೋಳಿನ ಚೌಕ ತೂತು ದುಂಡಗಾಗುತ್ತದೆ, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. 1,500ರ ಸೆಟ್ಟಿನಲ್ಲಿ ಬರುವ ಕ್ರ್ಯಾಂಕನ್ನು ನಾನು ನನ್ನ ಮಗನ ಸೈಕಲ್ಲಿಗೆ ಹಾಕುವುದಿಲ್ಲ. ನಿಮಗೂ ಹಾಕಿ ಎನ್ನುವುದಿಲ್ಲ.

ಹೊಸ ಚೈನ್, ಫ್ರೀವೀಲ್ ಕೂತ ಮೇಲೆ ಮೊದಲ ದಿನವೇ ಹೆದ್ದಾರಿಗೆ ಇಳಿಯಬೇಡಿ. ಊರ ಪಕ್ಕದ ಖಾಲಿ ರಸ್ತೆಯಲ್ಲಿ ಹಿಂದಿನ ಬ್ರೇಕನ್ನು ತುಸು ಹಿಡಿದುಕೊಂಡೇ, ಸೀಟಿನ ಮೇಲೆ ಕೂತು, ಏಳೂ ಗೇರುಗಳಲ್ಲಿ ಒತ್ತಿ ತುಳಿಯಿರಿ. ಜಿಗಿತ ಇಲ್ಲವೆಂದು ಖಚಿತವಾದ ಮೇಲೆ ಎದ್ದು ನಿಂತು ತುಳಿಯಿರಿ. ಹಿಂದೆ ಒಂದೂ ಜಾರದೆ, ಮುಂದಿನ ಒಂದು ಚೈನ್‌ವೀಲಿನಲ್ಲಿ ಮಾತ್ರ ಚೈನ್ ಬಿಡದೆ ಮೇಲಕ್ಕೆ ಎಳೆದುಕೊಂಡರೆ ಆ ಚೈನ್‌ವೀಲ್ ಸವೆದಿದೆ ಎಂದರ್ಥ. ಕ್ರ್ಯಾಂಕಿಗೆ ಹಣ ಹಾಕುವ ಪ್ರಶ್ನೆ ಏಳುವುದು ಆಗ ಮಾತ್ರ. ಕೆಲವು ವಾರಗಳ ಬಳಿಕ ತಂತಿ ಸ್ವಲ್ಪ ಸಡಿಲಾಗಿ ಗೇರು ತಡವರಿಸುವುದು ಸಹಜ. ತಂತಿ ಡಿರೇಲರಿಗೆ ಸೇರುವಲ್ಲಿನ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ, ಚೈನನ್ನು ದೂಷಿಸಬೇಡಿ.

ಅಗ್ಗದ ಚೈನ್ ಎಷ್ಟು ಬಾಳುತ್ತದೆ ಎಂಬುದು ಅದಕ್ಕೆ ಕೊಟ್ಟ ಬೆಲೆಗಿಂತ ಹೆಚ್ಚಾಗಿ ನೀವು ಬಿಡುವ ಎಣ್ಣೆಯ ಮೇಲೆ ನಿಂತಿದೆ. ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ: ಮೋಟರ್ ಸೈಕಲ್ಲಿನಿಂದ ಇಳಿಸಿದ ಕರಿ ಇಂಜಿನ್ ಆಯಿಲನ್ನು ಬ್ರಷ್ಷಿನಿಂದ ಬಳಿಯುವುದು. ಅದರಲ್ಲಿ ಲೋಹದ ಪುಡಿ ಇದೆ, ಮೇಲೆ ಎರೆಮಣ್ಣಿನ ಧೂಳು ಕೂತರೆ ಉಜ್ಜುವ ಹಿಟ್ಟೇ ಆಯಿತು. ಗ್ರೀಸ್ ಮೆತ್ತುವುದೂ ಹಾಗೆಯೇ. ಹೊರಗೆ ಮಿಂಚುತ್ತದೆ, ಪಿನ್ನಿನ ಒಳಗೆ ಇಳಿಯುವುದಿಲ್ಲ. ತೆಳು ಎಣ್ಣೆಯನ್ನು ರೋಲರಿಗೊಂದು ಹನಿಯಂತೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನು ಹಳೆಯ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮುಟ್ಟಿದರೆ ಒಣಗಿದಂತೆ ಅನ್ನಿಸಬೇಕು. ಮಳೆಯಲ್ಲಿ ಎರೆ ಕೆಸರು ಮೆತ್ತಿಕೊಂಡರೆ ಹಸಿಯಿರುವಾಗ ತೀಡಬೇಡಿ, ಒಣಗಿಸಿ ಬ್ರಷ್ಷಿನಿಂದ ಉದುರಿಸಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಚೈನ್ ಒರೆಸಿ ಮತ್ತೆ ಎಣ್ಣೆ ಬಿಡಿ. ಸೀಮೆಎಣ್ಣೆಯನ್ನು ಫ್ರೀವೀಲಿನ ಮೇಲೆ ಸುರಿಯಬೇಡಿ. ಒಳಗಿನ ಬಾಲ್ ಬೇರಿಂಗಿನ ಗ್ರೀಸನ್ನು ತೊಳೆದು ತೆಗೆಯುತ್ತದೆ. ಹೊಸ ಚೈನಿಗೆ ಕಾರ್ಖಾನೆಯಲ್ಲೇ ಹಾಕಿದ ಗ್ರೀಸನ್ನು ಮೊದಲ ದಿನವೇ ತೊಳೆಯುವ ಉತ್ಸಾಹವೂ ಬೇಡ, ಹೊರಗೆ ಒರೆಸಿದರೆ ಸಾಕು. ತಿಂಗಳಿಗೊಮ್ಮೆ ಟೇಪು ಹಿಡಿಯಿರಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯದ ಸೈಕ್ಲಿಂಗ್ ಪಟುಗಳ ತವರು. ಅವರ ಸೈಕಲ್ ನೋಡುವ ಮೆಕ್ಯಾನಿಕ್‌ಗಳ ಬಳಿ ಚೈನ್ ಸವೆತ ಅಳೆಯುವ ಪಟ್ಟಿ ಇರುತ್ತದೆ, ಕೇಳಿದರೆ ಅರೆ ನಿಮಿಷದಲ್ಲಿ ನೋಡಿ ಹೇಳುತ್ತಾರೆ.

9 ಗೇರಿನ ಆಸೆ ಬಿಟ್ಟುಬಿಡಿ. 8, 9 ಹಲ್ಲುಗಾಲಿಗಳ ತಿರುಪಿನ ಫ್ರೀವೀಲ್ ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ, ಚಿತ್ರದಲ್ಲಿ ಚೆಂದವೂ ಕಾಣುತ್ತದೆ. ಆದರೆ ತಿರುಪಿನ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಇರುವುದು ಫ್ರೀವೀಲಿನ ಒಳಬದಿಗೆ. ಅಲ್ಲಿಂದ ಫ್ರೇಮಿನವರೆಗೆ ಆ್ಯಕ್ಸಲ್ ಆಧಾರವಿಲ್ಲದೆ ನಿಂತಿರುತ್ತದೆ. ಫ್ರೀವೀಲ್ ಅಗಲವಾದಷ್ಟೂ ಆ ಭಾಗ ಉದ್ದವಾಗುತ್ತದೆ, ಒಂದು ಗುಂಡಿಗೆ ಇಳಿದರೆ ಆ್ಯಕ್ಸಲ್ ಬಾಗುತ್ತದೆ. ಜೊತೆಗೆ ಹ್ಯಾಂಡಲಿನ ಶಿಫ್ಟರ್ ಬದಲಾಗಬೇಕು, 9ಕ್ಕೆ ಹೋದರೆ ಚೈನೂ ಇನ್ನಷ್ಟು ತೆಳ್ಳಗಿನದು ಬೇಕು. ನಿಜವಾಗಿಯೂ ಬೇಕೆಂದಾದರೆ ಮುಂದೊಂದು ದಿನ ಹಿಂದಿನ ಗಾಲಿಯನ್ನೇ ಕ್ಯಾಸೆಟ್ ಹಬ್ಬಿನದಕ್ಕೆ ಬದಲಿಸಿ, ಶಿಫ್ಟರ್ ಜೊತೆಗೇ ಕೊಳ್ಳಿ. ಆದರೆ ಟಿಕೋಟಾ ರಸ್ತೆಗೆ 14ರಿಂದ 28 ಧಾರಾಳವಾಯಿತು. ಸಂಜೆಯ ಎದುರುಗಾಳಿಗೆ 18ಕ್ಕೋ 20ಕ್ಕೋ ಇಳಿದು ನೋಡಿ, 14ರ ಹಲ್ಲುಗಳೂ ಉಳಿಯುತ್ತವೆ, ಮೊಣಕಾಲೂ ಉಳಿಯುತ್ತದೆ.